ಮಡಿಲಿಗೆ ಹಾಕಿದ್ದು

ಮದುವೆಯಾದಾಗಿನಿಂದ ನನ್ನ ಗಂಡ ಶಿವಕುಮಾರ್ ನನ್ನನ್ನು ಅರಸೀಕೆರೆ ದಾಟಿಸಿದ್ದೇ ಅಪರೂಪ. ಕೊಬ್ಬರಿ ಮಂಡಿ ಬಿಟ್ಟರೆ ಅವರಿಗೆ ಲೋಕವಿಲ್ಲ. ಅಂಥವರು ತೊಂಬತ್ತೆಂಟರ ಬೇಸಿಗೆ ರಜೆಯಲ್ಲಿ "ಮಕ್ಕಳಿಗೆ ಸಮುದ್ರ ತೋರ್ಸನ ಕಣೇ ಗಿರಿಜಾ" ಎಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಕುಣಿದುಬಿಟ್ಟೆ, ಪೆದ್ದಿ.

ಬೇಲೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನನ್ನವರ ಅಣ್ಣ ಕರಿಬಸವಯ್ಯ ಭಾವ ಮತ್ತು ಅವರ ಹೆಂಡತಿ ಗುರುಸಿದ್ದಮ್ಮ ದಾರಿಯಲ್ಲಿ ಜೀಪು ಹತ್ತಿದರು. ಅವರಿಗೆ ಮಕ್ಕಳಿಲ್ಲ. ಅಕ್ಕ ಹೊಸ ರೇಷ್ಮೆ ಸೀರೆ ಉಟ್ಟಿದ್ದರು. "ಮರಳಾಗೆ ಆಡಕ್ಕೆ ರೇಷ್ಮೆ ಯಾಕಕ್ಕಾ?" ಎಂದು ರೇಗಿಸಿದೆ. ಅವರು ನನ್ನ ಕೈ ಹಿಡಿದು, "ನಿನ್ನ ಋಣ ತೀರ್ಸಕ್ಕಾಗಲ್ಲ ಕಣೇ" ಎಂದು ಕಣ್ಣು ತುಂಬಿಕೊಂಡರು. ಜೊತೆಗೆ ಕರೆದುಕೊಂಡು ಹೋಗುವುದಕ್ಕೆ ಇಷ್ಟೊಂದಾ ಅಂದುಕೊಂಡೆ.

ಉಡುಪಿಯ ಆಚೆ ಅದೊಂದು ಸಣ್ಣ ಕಡಲತೀರ. ಗದ್ದಲವಿಲ್ಲ, ದೂರದವರೆಗೂ ನೀರು ಮೊಣಕಾಲು ದಾಟುವುದಿಲ್ಲ. ನಮ್ಮಂತೆ ಚಿಕ್ಕಮಕ್ಕಳನ್ನು ಕರೆತಂದಿದ್ದ ಒಂದೆರಡು ಸಂಸಾರಗಳು ಗಾಳಿಮರದ ನೆರಳಲ್ಲಿ ಬುತ್ತಿ ಬಿಚ್ಚಿದ್ದವು. ಮೂರು ವರ್ಷದ ವೀರೇಶ ಅಲೆಗೆ ಒದೆಯುತ್ತಾ ಕೇಕೆ ಹಾಕುತ್ತಿದ್ದ. ಅವನಕ್ಕ ಮೇಘಶ್ರೀ ಮಾತ್ರ ಆಡಲಿಲ್ಲ, ತಮ್ಮನ ಅಂಗಿ ಹಿಡಿದುಕೊಂಡೇ ನಿಂತಿದ್ದಳು. ನೀರಿಗೆ ಹೆದರಿದ್ದಾಳೆ ಅಂದುಕೊಂಡೆ.

"ಮೊದ್ಲು ಗಂಗೆ ಪೂಜೆ ಆಗ್ಲಿ" ಎಂದರು ನನ್ನವರು. ಅಕ್ಕ ಪೂರ್ವಕ್ಕೆ ಮುಖಮಾಡಿ ಕೂತು ಸೆರಗು ಹರಡಿದರು. ಮುತ್ತೈದೆಗೆ ಮಡಿಲು ತುಂಬುವುದಲ್ಲವೇ ಎಂದು ನಾನು ಅಕ್ಕಿ, ತೆಂಗಿನಕಾಯಿ ಹಾಕಿದೆ. "ವೀರೇಶನ್ನೂ ಕೂರ್ಸು, ಫೋಟೋ ತೆಗೀತೀನಿ" ಎಂದರು ನನ್ನವರು. ಅಕ್ಕನ ಮಡಿಲಲ್ಲಿ ಕೂರಿಸಿದೆ.

ಭಾವ ಮಗುವಿನ ಹಣೆಗೆ ವಿಭೂತಿ ಹಚ್ಚಿ, "ಇನ್ನು ಇವ್ನು ನಮ್ಮನೆ ಮಗ" ಎಂದರು.

ಆಗ ಹೊಳೆಯಿತು. ನಮ್ಮ ಮನೆತನದಲ್ಲಿ ದತ್ತು ಕೊಡುವ ಶಾಸ್ತ್ರವೇ ಅದು. ಹೆತ್ತವಳು ತನ್ನ ಕೈಯಾರೆ, ಅಕ್ಕಿ ಕಾಯಿಯ ಜೊತೆ, ಮಗುವನ್ನು ಇನ್ನೊಬ್ಬಳ ಮಡಿಲಿಗೆ ಹಾಕಬೇಕು. ಹಾಕಿದ ಮೇಲೆ ಮಾತಿಲ್ಲ. ಊರಲ್ಲಾಗಿದ್ದರೆ ನನ್ನ ತವರಿನವರು ಅಡ್ಡ ನಿಲ್ಲುತ್ತಿದ್ದರು. ಇಲ್ಲಿ ನನ್ನ ಕಡೆ ಯಾರಿದ್ದಾರೆ? ಅದಕ್ಕೇ ಈ ಸಮುದ್ರ! ನನ್ನ ಗಂಡನ ಕತ್ತಿನ ಪಟ್ಟಿ ಹಿಡಿಯಬೇಕೆನಿಸಿತು.

"ಯಾರನ್ನ ಕೇಳಿ ಕೊಟ್ರಿ ನನ್ನ ಮಗೂನ?" ಎಂದು ಕೂಗಿದೆ.

"ಹೊರಗೇನು ಕೊಟ್ಟಿಲ್ವಲ್ಲ, ನಮ್ಮಣ್ಣನ ಮನೆ. ನೀನೇ ಹಾಕಿದ್ದೀಯ, ಮುಗೀತು" ಎಂದರು ನನ್ನವರು.

ಗುರುಸಿದ್ದಮ್ಮ ಬಿಳಿಚಿಕೊಂಡರು. "ನೀನು ಒಪ್ಪಿದ್ದೀಯ ಅಂದ್ರಲ್ಲೇ ಇವ್ರು! ನೀನಾಗೇ ಕೇಳ್ಕೊಂಡೆ ಅಂದ್ರು!"

ಅವರು ಗಂಡನ ಕಡೆ ನೋಡಿದರು. ಭಾವ ತಲೆಯೆತ್ತಲಿಲ್ಲ. ಅಕ್ಕ ವೀರೇಶನನ್ನು ಒಮ್ಮೆ ಬಿಗಿಯಾಗಿ ಅಪ್ಪಿಕೊಂಡರು. ಆಮೇಲೆ ಎತ್ತಿ, ತಾವೇ ನನ್ನ ಮಡಿಲಿಗೆ ಹಾಕಿ, ಬಿಕ್ಕುತ್ತಾ ಎದ್ದು ಹೋದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅವರಿಗೂ ಮೋಸ ಮಾಡಿದ್ದರು.

ಮಗುವನ್ನು ಅವಚಿಕೊಂಡು ಅಲ್ಲೇ ಕೂತಿದ್ದೆ. ಮೇಘಶ್ರೀ ಹತ್ತಿರ ಬಂದಳು, ಕೂರಲಿಲ್ಲ.

"ಅಮ್ಮಾ, ಇಬ್ರಲ್ಲಿ ಒಬ್ರು ದೊಡ್ಡಮ್ಮನ ಮನೇಗೆ ಹೋಗ್ಲೇಬೇಕಂತೆ. ನಿಂಗೆ ಹೇಳ್ಬಾರ್ದು ಅಂತ ಅಪ್ಪ ಆಣೆ ಹಾಕ್ಸಿದ್ರು" ಎಂದಳು. ಮತ್ತೆ ತಮ್ಮನ ಅಂಗಿ ಹಿಡಿದುಕೊಂಡಳು. "ತಮ್ಮ ಹೋಗ್ದಿದ್ರೆ, ಈಗ ನಾನು ಹೋಗ್ಬೇಕಾ?"