ಶನಿವಾರದ ನೀರು

ನಮ್ಮಪ್ಪ ಮತ್ತು ದೊಡ್ಡಪ್ಪ ಮಾತು ಬಿಟ್ಟಿದ್ದು ನೀರಿನ ವಿಷಯಕ್ಕೆ. ಆಸ್ತಿಗಲ್ಲ, ಒಡವೆಗಲ್ಲ, ನೀರಿಗೆ. ಹೇಳಿಕೊಳ್ಳುವುದಕ್ಕೂ ನಾಚಿಕೆಯಾಗುತ್ತದೆ.

ತೊಂಬತ್ತನಾಲ್ಕರಲ್ಲಿ ಅಪ್ಪ ಪುಟ್ಟೇನಹಳ್ಳಿಯಲ್ಲಿ ಸ್ವಂತ ಮನೆ ಕಟ್ಟಿದರು. ಅಲ್ಲಿಯವರೆಗೆ ನಾವೆಲ್ಲ ಜಯನಗರದ ಹಳೇ ಮನೆಯಲ್ಲಿ ಒಟ್ಟಿಗಿದ್ದವರು. ಗೃಹಪ್ರವೇಶದ ದಿನ ಹೋಮವೆಲ್ಲ ಮುಗಿದ ಮೇಲೆ ದೊಡ್ಡಪ್ಪ ಕೊಳಾಯಿ ತಿರುಗಿಸಿ, ಬೋರ್‌ವೆಲ್ ನೀರನ್ನು ಅಂಗೈಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡು, ಪುರೋಹಿತರ ಮುಂದೆಯೇ ಮುಖ ಸಿಂಡರಿಸಿದರು.

"ಇದೇನೋ ವೆಂಕಟ, ಬರೀ ಉಪ್ಪುಪ್ಪು! ಇದ್ರಲ್ಲಿ ಬೇಳೆ ಬೇಯತ್ತೇನೋ? ನೋಡ್ತಿರು, ಇನ್ನೊಂದ್ ತಿಂಗ್ಳಲ್ಲಿ ಬಿಂದಿಗೆ ಹಿಡ್ಕೊಂಡು ನಮ್ಮನೆ ನಲ್ಲಿ ಮುಂದೆ ನಿಂತಿರ್ತೀಯ."

ನಾಲ್ಕು ಜನ ನಕ್ಕರು. ಅಪ್ಪನಿಗೆ ಬೇರೆ ಏನನ್ನಾದರೂ ತಡೆದುಕೊಳ್ಳುವ ಶಕ್ತಿಯಿತ್ತು, ನಗುವವರನ್ನು ತಡೆದುಕೊಳ್ಳುವ ಶಕ್ತಿ ಇರಲಿಲ್ಲ. "ನಿಮ್ಮನೆ ಒಂದ್ ತೊಟ್ಟು ನೀರು ನನ್ನ ಹೊಟ್ಟೆಗೆ ಹೋದ್ರೆ ನಾನು ನಮ್ಮಪ್ಪನ ಮಗನೇ ಅಲ್ಲ" ಎಂದುಬಿಟ್ಟರು. ಆ ಅಪ್ಪ ಇಬ್ಬರಿಗೂ ಒಬ್ಬರೇ ಅನ್ನುವುದು ಕೋಪದಲ್ಲಿ ಮರೆತುಹೋಗಿತ್ತು. ದೊಡ್ಡಪ್ಪ ಊಟ ಮಾಡದೆ ಹೊರಟರು. ಹಿಂದೆಯೇ ದೊಡ್ಡಮ್ಮ, ಕೈಯಲ್ಲಿದ್ದ ಕೋಸಂಬರಿ ಪಾತ್ರೆಯನ್ನು ಅಮ್ಮನ ಕೈಗೆ ಕೊಟ್ಟು ಹೋದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಆ ಪಾತ್ರೆ ಹಿಡಿದು ಎಷ್ಟು ಹೊತ್ತು ನಿಂತಿದ್ದಳೋ ನನಗೆ ನೆನಪಿಲ್ಲ. ನನಗಾಗ ಎಂಟು ವರ್ಷ.

ಬೇಜಾರಿನ ಸಂಗತಿ ಏನೆಂದರೆ ದೊಡ್ಡಪ್ಪ ಹೇಳಿದ್ದು ನಿಜವಾಗಿತ್ತು. ನಮ್ಮ ಬೋರ್ ನೀರಿನಲ್ಲಿ ಸೋಪು ನೊರೆ ಬರುತ್ತಿರಲಿಲ್ಲ. ಬಕೆಟ್ಟಿಗೆ ಸುಣ್ಣ ಬಳಿದ ಹಾಗೆ ಬಿಳೀ ಕರೆ. ತೊಗರಿಬೇಳೆಯನ್ನು ಅಮ್ಮ ಕುಕ್ಕರಿನಲ್ಲಿ ಕೂಗಿಸಿ ಕೂಗಿಸಿ ಹೇಗೋ ದಾರಿಗೆ ತರುತ್ತಿದ್ದಳು. ಗಟ್ಟಿ ಕಾಳುಗಳು ಮಾತ್ರ ಎಂಟು ವಿಷಲ್ ಆದರೂ ಜಗ್ಗುತ್ತಿರಲಿಲ್ಲ.

ಅಪ್ಪ ಇದಕ್ಕೊಂದು ಪರಿಹಾರ ತಂದರು. ಅವರು ಸೂಪರ್‌ವೈಸರ್ ಆಗಿದ್ದ ಕಾರ್ಖಾನೆಗೆ ಮೆಷಿನ್ ಕೂರಿಸಲು ಬಂದಿದ್ದ ಇಂಗ್ಲೆಂಡಿನ ಎಂಜಿನಿಯರ್ ಒಬ್ಬರು ವಾಪಸ್ ಹೊರಟಾಗ ತಮ್ಮ ಸ್ಲೋ ಕುಕ್ಕರನ್ನು ಅಪ್ಪನಿಗೆ ಕೊಟ್ಟು ಹೋಗಿದ್ದರು. ಕಂದು ಬಣ್ಣದ ಪಿಂಗಾಣಿಯ ಮಡಕೆ, ಅದರ ಸುತ್ತ ಕರೆಂಟಿನಿಂದ ಬಿಸಿಯಾಗುವ ಒಂದು ಚಿಪ್ಪು, ಮೇಲೆ ಗಾಜಿನ ಮುಚ್ಚಳ. ಜೊತೆಗೊಂದು ಪುಸ್ತಕ. ಅದರಲ್ಲಿ ಅಪ್ಪನ ಕಣ್ಣಿಗೆ ಬಿದ್ದಿದ್ದು ಬೇಕ್ಡ್ ಬೀನ್ಸ್, ಸಿಹಿಹುಳಿ ಟೊಮೆಟೊ ಗೊಜ್ಜಿನಲ್ಲಿ ಬೇಯಿಸಿದ ಕಾಳು. ಹಂದಿಮಾಂಸದ ಮಾತು ಬರುವ ಸಾಲನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ, ಅಮ್ಮನಿಗೆ ಓದಿ ಹೇಳಿದರು.

"ಎಂಟು ಗಂಟೆ ಸಣ್ಣ ಕಾವಲ್ಲಿ ಬೇಯತ್ತೆ ಕಣೆ. ಎಂಥಾ ನೀರಾದ್ರೂ ಸರಿ, ಎಂಟು ಗಂಟೆ ತಡ್ಕೊಳತ್ತಾ?"

ನೀರು ತಡೆದುಕೊಂಡಿತು. ಹಿಂದಿನ ರಾತ್ರಿ ನೆನೆಹಾಕಿದ ಡಬಲ್ ಬೀನ್ಸ್ ಕಾಳು ಭಾನುವಾರ ಬೆಳಿಗ್ಗೆ ಎಂಟಕ್ಕೆ ಮಡಕೆಗೆ ಬಿದ್ದಿದ್ದನ್ನು ಸಂಜೆ ನಾಲ್ಕಕ್ಕೆ ತೆಗೆದರೆ ಗೋಲಿ ಆಡಬಹುದಿತ್ತು. ಅಪ್ಪ ಅದನ್ನೇ ಅಗಿದು ಅಗಿದು ತಿಂದರು. "ಸ್ವಲ್ಪ ಗಟ್ಟಿ ಇದ್ರೇನೇ ಹಲ್ಲಿಗೆ ಒಳ್ಳೇದು" ಎಂದು ನಮಗೂ ಬಡಿಸಿದರು. ಅವರ ದವಡೆ ನೋಡಿ ಅಮ್ಮನಿಗೆ ಅಯ್ಯೋ ಅನಿಸಿರಬೇಕು.

"ನಾನ್ ಒಂದ್ ಕೆಲ್ಸ ಮಾಡ್ತೀನಿ ರೀ. ಜಯನಗರದಲ್ಲಿ ಬೀದಿ ನಲ್ಲಿ ಇದ್ಯಲ್ಲ, ಶನಿವಾರ ಶನಿವಾರ ಹೋಗಿ ಎರಡು ಕ್ಯಾನ್ ಕಾವೇರಿ ನೀರು ತಂದ್ಬಿಡ್ತೀನಿ."

ಅಪ್ಪ ಯೋಚಿಸಿದರು. "ಬೀದಿ ನಲ್ಲಿ ಅಂದ್ರೆ ಸರ್ಕಾರದ್ದು. ಅದಕ್ಕೇನಂತೆ, ತಗೊಂಬಾ."

ಮೊದಲ ಶನಿವಾರ ಅಮ್ಮ ಮತ್ತು ನಾನು ಬಸ್ಸಿನಲ್ಲಿ ಹೋಗಿ ಬೀದಿ ನಲ್ಲಿಯ ಮುಂದೆ ನಿಂತೆವು. ತಿರುಗಿಸಿದರೆ ಬರೀ ಗಾಳಿ. ಅಮ್ಮ ಖಾಲಿ ಕ್ಯಾನ್ ಹಿಡಿದು ಅತ್ತಿತ್ತ ನೋಡುತ್ತಿದ್ದಾಗ ತರಕಾರಿ ಚೀಲ ಹಿಡಿದ ದೊಡ್ಡಮ್ಮ ಎದುರಿಗೇ ಬಂದರು.

"ಸರಸು! ಇದೇನೇ, ಬೀದೀಲಿ ನಿಂತಿದೀಯಾ? ಈ ನಲ್ಲೀಲಿ ನೀರು ಬರೋದು ಬೆಳಗಿನ ಜಾವ. ಬಾ ಮನೇಗೆ."

"ಬೇಡ ಅಕ್ಕ. ಅವ್ರಿಗೆ ಗೊತ್ತಾದ್ರೆ..."

"ಅವ್ರಿಗ್ಯಾಕೆ ಗೊತ್ತಾಗತ್ತೆ? ನೀರಿನ ಮೇಲೆ ಹೆಸರು ಬರ್ದಿರತ್ತಾ?" ಎಂದು ದೊಡ್ಡಮ್ಮ ಕ್ಯಾನನ್ನೇ ಕಿತ್ತುಕೊಂಡು ನಡೆದರು.

ಜಗಲಿಯಲ್ಲಿ ದೊಡ್ಡಪ್ಪ ಪೇಪರ್ ಓದುತ್ತಿದ್ದರು. ನಮ್ಮನ್ನು ನೋಡಿ ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದರು. ಅದರ ಹಿಂದಿನಿಂದ, "ಯಾರೋ ನೀರಿಗ್ ಬಂದಿದಾರೆ ನೋಡೇ. ಮಗೂಗೆ ಏನಾದ್ರೂ ತಿನ್ನಕ್ಕೆ ಕೊಡು" ಎಂದರು. ಗೆದ್ದವರ ದನಿಯೇನೂ ಅದಾಗಿರಲಿಲ್ಲ.

ಹೀಗೆ ಶುರುವಾದದ್ದು ಏಳು ವರ್ಷ ನಡೆಯಿತು. ಶನಿವಾರ ಹತ್ತು ಗಂಟೆಗೆ ಹೋಗುವುದು, ಹನ್ನೆರಡಕ್ಕೆ ಹೊರಡುವುದು. ಎರಡು ಕ್ಯಾನ್ ತುಂಬಲು ಐದು ನಿಮಿಷ ಸಾಕು. ಉಳಿದ ಹೊತ್ತು ಓರಗಿತ್ತಿಯರಿಬ್ಬರೂ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಕೂತು ಸೊಪ್ಪು ಬಿಡಿಸುತ್ತಾ, ಹುರುಳಿಕಾಯಿ ನಾರು ತೆಗೆಯುತ್ತಾ ಮಾತಾಡುವರು. ನಗುವರು. ಒಂದೊಂದು ಸಲ ಒಬ್ಬರು ಅತ್ತರೆ ಇನ್ನೊಬ್ಬರು ಸೆರಗಿನಿಂದ ಮೂಗು ಒರೆಸುವರು. ಮದುವೆಯಾಗಿ ಬಂದ ಮೇಲೆ ಒಂಬತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಬೆವರು ಸುರಿಸಿದವರು ಅವರು. ಪುಟ್ಟೇನಹಳ್ಳಿಯಲ್ಲಿ ನಮ್ಮ ಮನೆಯ ಸುತ್ತ ಬರೀ ಖಾಲಿ ಸೈಟು, ಪಾರ್ಥೇನಿಯಂ, ಆಚೆಗೆ ಕೆರೆ. ಅಮ್ಮನಿಗೆ ಮಾತಾಡಲು ಗೋಡೆ ಬಿಟ್ಟರೆ ನಾನು. ಆ ಎರಡು ಗಂಟೆ ಇಲ್ಲದಿದ್ದರೆ ಅಮ್ಮ ಏನಾಗುತ್ತಿದ್ದಳೋ ಎಂದು ಈಗ ಯೋಚಿಸಿದರೆ ಭಯವಾಗುತ್ತದೆ.

ಅಪ್ಪನಿಗೆ ಗೊತ್ತಾದರೆ ಇದೆಲ್ಲ ನಿಂತುಹೋಗುತ್ತದೆ. ಅದನ್ನು ಅಮ್ಮ ನನಗೆ ಬಸ್ಸಿನಲ್ಲಿ ಪ್ರತಿ ಸಲವೂ ಹೇಳುತ್ತಿದ್ದಳು. ಬಾಯಿ ಮುಚ್ಚಿಕೊಂಡಿರುವುದಕ್ಕೆ ನನಗೆ ಬೇಕರಿಯ ಒಂದು ಖಾರಾ ಬನ್ನು.

ಭಾನುವಾರದ ಬೀನ್ಸ್ ಮಾತ್ರ ಸಖತ್ತಾಗಿರುತ್ತಿತ್ತು. ಕಾಳನ್ನು ಮೊದಲು ಗ್ಯಾಸಿನ ಮೇಲೆ ಹತ್ತು ನಿಮಿಷ ಕುದಿಸಿ, ನೀರು ಚೆಲ್ಲಿ, ಮಡಕೆಗೆ ಹೊಸ ನೀರು ಹಾಕಿ ಸ್ವಿಚ್ ಒತ್ತುವುದು. ಮಧ್ಯಾಹ್ನ ಒಂದು ಕಾಳು ತೆಗೆದು ಬೆರಳಲ್ಲಿ ಹಿಚುಕಿದರೆ ಕರಗಬೇಕು. ಆಮೇಲೇ ಟೊಮೆಟೊ, ಬೆಲ್ಲ, ಸಾಸಿವೆ ಪುಡಿ, ಬ್ಯಾಡಗಿ ಮೆಣಸಿನಕಾಯಿ, ಎರಡು ಲವಂಗ, ವಿನೆಗರ್ ಬದಲು ಒಂಚೂರು ಹುಣಿಸೆ ರಸ. ಹುಳಿ ಮೊದಲೇ ಬಿದ್ದರೆ ಕಾಳು ಅಲ್ಲಿಗೇ ಮೊಂಡು ಬೀಳುತ್ತದೆ ಎಂದು ಅಮ್ಮ ನನ್ನನ್ನು ಎಚ್ಚರಿಸುತ್ತಿದ್ದಳು. ಕರೆಂಟು ಹೋದರೆ ಅಪ್ಪ ಮಡಕೆಗೆ ಟರ್ಕಿ ಟವೆಲ್ ಸುತ್ತಿ, ಜ್ವರ ಬಂದ ಮಗುವಿನ ಹಾಗೆ ಪಕ್ಕದಲ್ಲೇ ಕೂರುತ್ತಿದ್ದರು. ಸಂಜೆ ಟೀವಿಯಲ್ಲಿ ಸಿನಿಮಾ ಶುರುವಾಗುವ ಹೊತ್ತಿಗೆ ಮನೆಯೆಲ್ಲ ಬೆಲ್ಲ, ಲವಂಗದ ವಾಸನೆ. ತುಪ್ಪದಲ್ಲಿ ಸುಟ್ಟ ಬ್ರೆಡ್ಡಿನ ಮೇಲೆ ಕೆಂಪಗೆ ಹೊಳೆಯುವ ಬೀನ್ಸ್. "ನೋಡಿದ್ಯಾ ಮೆಷಿನ್ನು!" ಎನ್ನುವರು ಅಪ್ಪ, ಪ್ರತಿ ಭಾನುವಾರ. ಅಮ್ಮ ತಲೆ ಬಗ್ಗಿಸಿ ಇನ್ನೊಂದು ಸೌಟು ಬಡಿಸುವಳು.

ಎರಡು ಸಾವಿರದ ಒಂದರಲ್ಲಿ ನಮ್ಮ ರಸ್ತೆಗೆ ಕಾವೇರಿ ಬಂತು. ಅಷ್ಟು ಹೊತ್ತಿಗೆ ಖಾಲಿ ಸೈಟುಗಳಲ್ಲೆಲ್ಲ ಮನೆಗಳೆದ್ದಿದ್ದವು. ಹೆಂಗಸರು ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ತೆಂಗಿನಕಾಯಿ ಒಡೆದರು. ಅಪ್ಪ ಒಂದು ಲೋಟ ಹಿಡಿದು ಕುಡಿದು, ಎಲ್ಲರಿಗೂ ಕೇಳುವಂತೆ "ಸಿಹಿ!" ಎಂದರು. ಆಮೇಲೆ ಅಮ್ಮನ ಕಡೆ ತಿರುಗಿ, "ಸದ್ಯ, ಇನ್ನು ನೀನು ಕ್ಯಾನ್ ಹೊತ್ಕೊಂಡು ಬಸ್ ಹತ್ತೋದ್ ತಪ್ತು" ಎಂದರು. ಪ್ರೀತಿಯಿಂದಲೇ ಹೇಳಿದ್ದು.

ಅಮ್ಮ ನಗಲು ನೋಡಿದಳು. ಆಗಲಿಲ್ಲ.

ಆ ಭಾನುವಾರ ಬೀನ್ಸ್ ಬೇಯಲಿಲ್ಲ.

"ಕಾವೇರೀನಂತೆ ಕಾವೇರಿ! ಬೋರ್ ನೀರು ಬೆರೆತಿರ್ಬೇಕು. ನಾನು ಜಯನಗರಕ್ಕೇ ಹೋಗ್ತೀನಿ ಬಿಡಿ" ಎಂದಳು ಅಮ್ಮ. ಮುಂದಿನ ಭಾನುವಾರಕ್ಕೆ ಜಯನಗರದ ನೀರು ಬಂತು, ಕಾಳು ಬೆಣ್ಣೆಯಾಯಿತು. ಅದರ ಮುಂದಿನ ವಾರ ಅಪ್ಪ ಹಟ ಮಾಡಿ ನಮ್ಮ ನಲ್ಲಿ ನೀರೇ ಹಾಕಿಸಿದರು. ಮತ್ತೆ ಗೋಲಿ.

ಅವತ್ತು ಬೆಳಿಗ್ಗೆ ನಾನು ಅಡುಗೆಮನೆಗೆ ಹೋದಾಗ ಅಮ್ಮ ಹಸಿ ಕಾಳಿನ ಮೇಲೆ ನಿಂಬೆ ಗಾತ್ರದ ಹುಣಿಸೆಹಣ್ಣು ಹಿಂಡುತ್ತಿದ್ದಳು. ನನ್ನನ್ನು ನೋಡಿ ಅವಳ ಕೈ ನಿಂತಿತು. ನನಗೆ ಹದಿನೈದು ವರ್ಷ, ಅರ್ಥವಾಗದ ವಯಸ್ಸೇನಲ್ಲ.

"ಅಮ್ಮಾ, ಹುಳಿ..."

"ಗೊತ್ತು, ಇಂಚರಾ. ಬಾಯ್ ಮುಚ್ಚು." ಕಳ್ಳತನ ಮಾಡಿ ಸಿಕ್ಕಿಬಿದ್ದ ಮುಖ ಅದು. ಇಷ್ಟು ವರ್ಷ ಒಂದು ಕಾಳು ವ್ಯರ್ಥವಾದರೂ ಸಂಕಟಪಡುತ್ತಿದ್ದವಳು, ಗಂಡನ ತಟ್ಟೆಗೆ ಬೇಕೆಂತಲೇ ಬೇಯದ ಅಡುಗೆ ಹಾಕುತ್ತಿದ್ದಳು. ನನಗೆ ಅವಳ ಮೇಲೆ ಕೋಪ ಬರಲಿಲ್ಲ. ನಮ್ಮಪ್ಪನ ಮೇಲೆ, ಅವರಣ್ಣನ ಮೇಲೆ, ಗೃಹಪ್ರವೇಶದಲ್ಲಿ ನಕ್ಕ ಆ ನಾಲ್ಕು ಜನರ ಮೇಲೆ ಬಂತು.

ಆದರೆ ಅಪ್ಪ ಸುಮ್ಮನೆ ಬಿಡುವ ಆಸಾಮಿಯಲ್ಲ. ಒಂದು ಶುಕ್ರವಾರ ಅಮ್ಮ ಪಕ್ಕದ ಮನೆಯವರ ಜೊತೆ ವಸಂತಪುರದ ದೇವಸ್ಥಾನದಲ್ಲಿದ್ದ ಮದುವೆಗೆಂದು ಬೆಳಿಗ್ಗೆಯೇ ಹೋದಳು. ಅಪ್ಪ ಅವತ್ತು ರಜೆ ಹಾಕಿದ್ದರು. ಬಚ್ಚಲುಮನೆಯ ಮೂಲೆಯಲ್ಲಿ ಹಿಂದಿನ ರಾತ್ರಿಯೇ ಗುಟ್ಟಾಗಿ ಒಂದು ತಂಬಿಗೆಯಲ್ಲಿ ಕಾಳು ನೆನೆಹಾಕಿದ್ದರು. ಅದನ್ನು ತಂದು, ಪುಸ್ತಕ ಮುಂದಿಟ್ಟುಕೊಂಡು, ಕೈಗಡಿಯಾರ ನೋಡಿ ಹತ್ತು ನಿಮಿಷ ಕುದಿಸಿ, ನಮ್ಮ ನಲ್ಲಿಯ ನೀರು ಹಾಕಿ ಮಡಕೆಗೆ ಬಿಟ್ಟರು. ನನಗೆ ಪರೀಕ್ಷೆಗೆ ಓದುವುದಿತ್ತು. ಒಂದಕ್ಷರ ತಲೆಗೆ ಹೋಗಲಿಲ್ಲ.

ಮೂರೂವರೆಗೆ ಅಪ್ಪ ಒಂದು ಕಾಳು ತೆಗೆದು ತಟ್ಟೆಯ ಮೇಲಿಟ್ಟು ಬೆರಳಿನಿಂದ ಒತ್ತಿದರು. ಕರಗಿತು. ಇನ್ನೊಂದು ಒತ್ತಿದರು. ಅದೂ ಕರಗಿತು. ಸ್ವಲ್ಪ ಹೊತ್ತು ಆ ಹಿಟ್ಟನ್ನೇ ನೋಡುತ್ತಾ ಕೂತರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಜಯನಗರದಲ್ಲಿ ಆ ಬೀದಿ ನಲ್ಲಿ ಇನ್ನೂ ಇದ್ಯೇನೇ?"

ಸುಳ್ಳು ಹೇಳಬಹುದಿತ್ತು. ಏಳು ವರ್ಷದ ಅಭ್ಯಾಸವಿತ್ತು. ಆದರೆ ಅವರ ಮುಖ ನೋಡಿ ಆಗಲಿಲ್ಲ. "ಅದನ್ನ ಕಿತ್ಹಾಕಿ ಮೂರು ವರ್ಷ ಆಯ್ತಪ್ಪ. ಅದ್ರಲ್ಲಿ ನಾವು ಯಾವತ್ತೂ ನೀರು ಹಿಡಿದೇ ಇಲ್ಲ."

ಕೂಗಾಡುತ್ತಾರೆ ಎಂದುಕೊಂಡೆ. ತಟ್ಟೆ ಹಾರಬಹುದು ಎಂದುಕೊಂಡೆ. ಅಪ್ಪ ಕನ್ನಡಕ ತೆಗೆದು ಒರೆಸಿದರು.

"ಹಾಗಾದ್ರೆ ಏಳು ವರ್ಷದಿಂದ ನಾನು ತಿಂದಿರೋದು ಅಣ್ಣನ ಮನೆ ನೀರೇ."

ಕನ್ನಡಕವನ್ನು ಮತ್ತೆ ಏರಿಸಿಕೊಂಡರು.

"ಅತ್ತಿಗೆ ಹೇಗಿದಾರೆ?"

"ಮಂಡಿ ನೋವು. ಕೆಳಗೆ ಕೂತ್ಕೊಳಕ್ಕಾಗಲ್ಲ. ಅಮ್ಮ ಹೋದಾಗ ಸ್ಟೂಲ್ ಹಾಕ್ಕೊಂಡು ಕೂತ್ಕೋತಾರೆ."

"ಅವನು?"

"ಪೇಪರ್ ಓದ್ತಿರ್ತಾರೆ."

"ಇನ್ನೇನ್ ಮಾಡ್ತಾನೆ" ಎಂದರು ಅಪ್ಪ. ಎದ್ದು ಹೋಗಿ ಟೊಮೆಟೊ ಹೆಚ್ಚಿದರು, ಬೆಲ್ಲ ಕುಟ್ಟಿದರು, ಪುಸ್ತಕದಲ್ಲಿದ್ದ ಹಾಗೆ ಎಲ್ಲವನ್ನೂ ಅಳೆದು ಹಾಕಿ ಮುಚ್ಚಳ ಮುಚ್ಚಿದರು.

ಅಮ್ಮ ಬಂದಾಗ ಆರು ಗಂಟೆ. ಮುಡಿಯಲ್ಲಿ ಮಲ್ಲಿಗೆ, ಕೈಯಲ್ಲಿ ತಾಂಬೂಲದ ಚೀಲ. ಬಾಗಿಲು ದಾಟುತ್ತಲೇ ಬೆಲ್ಲ, ಲವಂಗದ ವಾಸನೆ ಮೂಗಿಗೆ ಬಡಿದು ಅಲ್ಲೇ ನಿಂತಳು. ಮೊದಲು ನನ್ನನ್ನು ನೋಡಿದಳು, ಆಮೇಲೆ ಅಪ್ಪನನ್ನು.

"ಬೀನ್ಸ್ ಹಾಕಿದ್ದೆ. ನಮ್ಮ ನಲ್ಲಿ ನೀರಲ್ಲಿ" ಎಂದರು ಅಪ್ಪ.

ಚೀಲದ ತೆಂಗಿನಕಾಯಿ ಗೋಡೆಗೆ ತಗುಲಿ ಸದ್ದಾಯಿತು.

"ಬೇಯಲಿಲ್ಲ ಕಣೆ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಜೀವನದಲ್ಲಿ ಒಂದು ವಾದವನ್ನೂ ಸೋಲದ ಮನುಷ್ಯ, ಗೆಲುವನ್ನು ಮಡಕೆ ತುಂಬ ಬೇಯಿಸಿಟ್ಟುಕೊಂಡು ಹೇಳುತ್ತಿದ್ದ ಮಾತು ಅದು.

"ನೀನ್ ಹೇಳಿದ್ದೇ ಸರಿ. ಈ ನೀರು ಪ್ರಯೋಜನ ಇಲ್ಲ. ನಾಳೆ ಶನಿವಾರ, ಎಂದಿನಂಗೆ ಹೋಗ್ ಬಾ. ಬೇಗ ಬರ್ಬೇಕು ಅಂತೇನಿಲ್ಲ, ಊಟ ಅಲ್ಲೇ ಮಾಡ್ಕೊಂಡ್ ಬಾ." ಅಡುಗೆಮನೆಯ ಕಡೆ ಕೈ ತೋರಿಸಿದರು. "ಈ ಕಾಳೂ ಡಬ್ಬಿಗೆ ಹಾಕ್ಕೊಂಡು ಹೋಗು. ಅವರ ಮನೆ ನೀರಲ್ಲಾದ್ರೂ ಬೇಯತ್ತೇನೋ ನೋಡ್ಲಿ ಅಣ್ಣ."

ಅಷ್ಟು ಹೇಳಿ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಗೇಟಿನ ಹತ್ತಿರ ಹೋಗಿ, ನಮಗೆ ಬೆನ್ನು ಹಾಕಿ ನಿಂತರು.

ಅಮ್ಮ ಅಡುಗೆಮನೆಗೆ ಹೋಗಿ ಗಾಜಿನ ಮುಚ್ಚಳ ಎತ್ತಿದಳು. ಸೌಟಿನಿಂದ ಸ್ವಲ್ಪ ತೆಗೆದು ಅಂಗೈಗೆ ಹಾಕಿಕೊಂಡಳು. ಕಾಳುಗಳು ಅವಳ ಬೆರಳು ತಾಗಿದ್ದೇ ಒಡೆದವು. ಅವಳು ಕೈಯನ್ನು ಹಾಗೇ ಹಿಡಿದುಕೊಂಡು ಅಳತೊಡಗಿದಳು, ಸದ್ದು ಬರದಂತೆ. ನಾನು ಹತ್ತಿರ ಹೋಗಲು ನೋಡಿದರೆ ಬೇಡವೆಂದು ತಲೆಯಾಡಿಸಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಕಿಟಕಿಯ ಹತ್ತಿರ ಹೋಗಿ, ಗೇಟಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಹೌದು ರೀ. ಒಂದೇ ಒಂದು ಕಾಳೂ ಬೆಂದಿಲ್ಲ."