ಡಬ್ಬಿ ಅಲ್ಲಾಡಿಸುವ ಹೊತ್ತು

ಅಕ್ಕ ತಂಗಿಯರೇ, ಕೆಲಸಕ್ಕೆ ಹೋಗೋಳಿಗೆ ಕೋಳಿ ಸಾಕೋಕೆ ಆಗಲ್ಲ ಅಂತ ನಿಮಗೆ ಯಾರಾದರೂ ಹೇಳಿದ್ದಾರಾ? ನನಗೆ ಯಾರೂ ಹೇಳಲಿಲ್ಲ. ನನಗೆ ನಾನೇ ಹೇಳಿಕೊಂಡೆ. ಅದೂ ಹಿತ್ತಲಲ್ಲಿ ನಿಂತು, ಒಂದು ಹಿಡಿ ಪುಕ್ಕ ಕೈಯಲ್ಲಿ ಹಿಡಿದುಕೊಂಡು.

ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡ್ತೀನಿ. ಬೆಳಗ್ಗೆ ಎಂಟಕ್ಕೆ ಒಳಗೆ ಹೋದರೆ ಸಂಜೆ ಐದಕ್ಕೆ ಹೊರಗೆ. ದಿನವಿಡೀ ಬಿಳಿ ಬೆಡ್‌ಶೀಟು. ಇಸ್ತ್ರಿ ಯಂತ್ರದಿಂದ ಸುಡುಸುಡು ಬರುತ್ತೆ, ಎಳೀಬೇಕು, ಮಡಿಸಬೇಕು, ಜೋಡಿಸಬೇಕು. ಮನೆಗೆ ಬಂದರೂ ಬೆರಳ ತುದಿ ಚುರುಗುಟ್ಟುತ್ತಲೇ ಇರುತ್ತೆ. ಮನೆಯವರು ಬಸ್ ಡ್ರೈವರ್. ಮಗಳಿಗೆ ಆಗ ಏಳು ವರ್ಷ, ಸ್ಕೂಲ್ ಬಿಟ್ಟ ಮೇಲೆ ನಾನು ಬರೋವರೆಗೆ ಪಕ್ಕದ ಮನೆಯಲ್ಲಿರ್ತಿದ್ದಳು.

ಕೋಳಿ ತಂದಿದ್ದು ನನ್ನ ಆಸೆಗೆ. ಚಿಕ್ಕವಳಿದ್ದಾಗ ನಮ್ಮ ಹಿತ್ತಲಲ್ಲಿ ಕೋಳಿಗಳಿದ್ದವು. ಕಣ್ಣು ಮುಚ್ಚಿದರೆ ಈಗಲೂ ಕಾಣುತ್ತೆ. ಅಮ್ಮ ಮೆಟ್ಟಿಲ ಮೇಲೆ ಕೂತಿದ್ದಾಳೆ, ಅವಳ ಕಾಲ ಸುತ್ತ ಕೋಳಿಗಳು, ನನ್ನ ಅಂಗೈಯಲ್ಲಿ ಬೆಚ್ಚಗಿನ ಮೊಟ್ಟೆ. ಅಮ್ಮ ಹೋದಾಗ ನನಗೆ ಹತ್ತು ವರ್ಷ. ಅವಳ ಫೋಟೊ ಇರೋದು ಒಂದೇ, ಅದೂ ಮಸುಕು. ಆ ಹಿತ್ತಲು ಮಾತ್ರ ಇವತ್ತಿಗೂ ಮಸುಕಾಗಿಲ್ಲ. ನನ್ನ ಮಗಳಿಗೂ ಅಂಥದ್ದೊಂದು ಹಿತ್ತಲು ಸಿಗಲಿ ಅಂತ ನನಗೆ ಹುಚ್ಚು ಆಸೆ.

ಐದು ತಂದೆ. ತಿಂಗಳು ತುಂಬೋದರೊಳಗೆ ಮೂರಾದವು.

ಹೊತ್ತು ಮುಳುಗಿದರೂ ಗೂಡಿಗೆ ಬರುತ್ತಿರಲಿಲ್ಲ. ಕರೆದರೆ ತಿರುಗಿಯೂ ನೋಡಲ್ಲ. ಬೇಲಿ ಪಕ್ಕದ ಮರ ಹತ್ತಿ ಮಹಾರಾಣಿಯರ ಹಾಗೆ ಕೂತುಬಿಡೋವು. ಬೆಕ್ಕಿಗೆ ಇನ್ನೇನು ಬೇಕು? ಆ ಪುಕ್ಕ ಸಿಕ್ಕಿದ ದಿನ ಮನೆಯವರು ಅಂದರು, "ನೋಡೇ, ಇವು ಬೆಕ್ಕಿನ ಬಾಯಿಗೆ ಬೀಳೋ ಬದಲು ನಮ್ಮಣ್ಣನ ಮನೆಗಾದರೂ ಹೋಗಲಿ. ಭಾನುವಾರ ಸಂಜೆ ಬುಟ್ಟಿ ತರ್ತೀನಿ."

"ನನ್ನ ಚುಕ್ಕೀನೂ ಕೊಡ್ತೀರಾ ಅಪ್ಪ?" ಅಂದಳು ಮಗಳು. ಚುಕ್ಕಿ ಅಂದರೆ ಮೈಯೆಲ್ಲ ಮಚ್ಚೆ ಇರೋ ಕೋಳಿ, ಇವಳ ಜೀವ. ಅವರು ಚಪ್ಪಲಿ ಮೆಟ್ಟಿಕೊಂಡು ಡ್ಯೂಟಿಗೆ ಹೊರಟರು.

ಶನಿವಾರ ಬೆಳಗ್ಗೆ ಆರೂವರೆಗೆ ಹನಿಯತ್ತೆ ಬಂದರು. ಮನೆಮನೆಗೆ ಹೋಗಿ ಕೋಳಿ ಕಣ್ಣಿಗೆ ಲಸಿಕೆಯ ಹನಿ ಹಾಕ್ತಾರೆ, ಅದಕ್ಕೇ ಆ ಹೆಸರು. ನಮ್ಮಮ್ಮನ ಗೆಳತಿ, ನನ್ನನ್ನು ಎತ್ತಿ ಆಡಿಸಿದವರು. ಹಾಗಾಗಿ ಬೈಯೋ ಹಕ್ಕೂ ಅವರಿಗಿದೆ, ಅದನ್ನ ಚೆನ್ನಾಗಿ ಬಳಸಿಕೊಳ್ತಾರೆ.

ಒಂದು ಕೋಳಿ ಹಿಡಿದುಕೊಂಡವರು, ನಾನು ಕಾಳು ತುಂಬಿಸಿಟ್ಟಿದ್ದ ತಟ್ಟೆ ನೋಡಿ ಇನ್ನೊಂದು ಕೈ ಸೊಂಟಕ್ಕಿಟ್ಟು ನಿಂತರು.

"ಏನೇ ಇದು, ಮದುವೆ ಊಟನಾ?"

"ಸಂಜೆವರೆಗೂ ಮನೇಲಿ ಯಾರೂ ಇರಲ್ಲ ಅತ್ತೆ. ಪಾಪ, ಹಸಿದುಕೊಂಡಿರಬಾರದು ಅಂತ ಬೆಳಗ್ಗೆನೇ ತುಂಬಿಸಿ ಹೋಗ್ತೀನಿ."

"ಬೆಳಗ್ಗೆಯಿಂದ ಹೊಟ್ಟೆ ಬಿರಿಯ ತಿಂದಿರ್ತವೆ. ಸಂಜೆ ನೀನು ಕರೆದರೆ ಯಾಕೆ ಬರ್ತವೆ? ನಿನ್ನ ಮುಖ ನೋಡೋಕಾ? ಮಿಕ್ಕಿದ್ದಕ್ಕೆ ಇಲಿ ಬರುತ್ತೆ, ಇಲಿ ಹಿಂದೆ ಬೆಕ್ಕು ಬರುತ್ತೆ. ಬೆಕ್ಕಿಗೆ ದಾರಿ ತೋರಿಸಿದವಳು ನೀನೇ ಕಣೇ."

ನನಗೆ ಸಿಟ್ಟು ನೆತ್ತಿಗೇರಿತು. "ಸುಮ್ಮನಿರಿ ಅತ್ತೆ. ನಮ್ಮಮ್ಮನಿಗೆ ಆಯ್ತು, ಯಾಕಂದ್ರೆ ಅವಳು ದಿನವಿಡೀ ಮನೇಲಿದ್ದಳು. ಬೆಳಗ್ಗೆಯಿಂದ ಸಂಜೆವರೆಗೆ ದುಡಿಯೋಳಿಗೆ ಇದು ಆಗೋಹೋಗೋ ಮಾತಲ್ಲ. ನಾಳೆ ಕೊಟ್ಟುಬಿಡ್ತೀವಿ."

ಹನಿಯತ್ತೆ ಕೈಲಿದ್ದ ಕೋಳಿಯನ್ನ ಕೆಳಗೆ ಬಿಟ್ಟರು.

"ಯಾರೇ ಮನೇಲಿದ್ದಿದ್ದು?"

"ಅಮ್ಮ."

"ನಿಮ್ಮಮ್ಮ ಹದಿಮೂರು ವರ್ಷ ನೂಲಿನ ಗಿರಣೀಲಿ ನನ್ನ ಪಕ್ಕದಲ್ಲೇ ನಿಂತಿದ್ದಳಲ್ಲೇ! ಎಂಟಕ್ಕೆ ಒಳಗೆ, ಐದಕ್ಕೆ ಹೊರಗೆ. ನಿನ್ನನ್ನೂ ಪಕ್ಕದ ಮನೇಲಿ ಬಿಟ್ಟು ಬರ್ತಿದ್ದಳು. ಮರೆತೇಬಿಟ್ಟೆಯಾ?"

ಗಿರಣಿ ವಿಷಯ ನನಗೆ ಗೊತ್ತಿರಲಿಲ್ಲ ಅಂತಲ್ಲ. ಅಮ್ಮನ ತಲೆಗೂದಲಲ್ಲಿ ಹತ್ತಿ ಎಳೆ ಸಿಕ್ಕಿಕೊಂಡಿರೋದು, ನಾನೇ ಬಿಡಿಸ್ತಿದ್ದೆ. ಆದರೂ ನನ್ನ ನೆನಪಿನಲ್ಲಿ ಅವಳು ಇಡೀ ದಿನ ಆ ಮೆಟ್ಟಿಲ ಮೇಲೇ ಕೂತಿದ್ದಾಳೆ. ಎದ್ದು ಎಲ್ಲಿಗೂ ಹೋಗೇ ಇಲ್ಲ.

"ಹಾಗಾದರೆ ಅವಳು ಹೇಗೆ ಸಾಕಿದಳು ಅತ್ತೆ?" ನನ್ನ ದನಿ ಇಳಿದುಹೋಗಿತ್ತು.

"ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ, ಅಷ್ಟೇ. ಬೆಳಗ್ಗೆ ಒಂದು ಹಿಡಿ ಕಾಳು ಎರಚಿ ಬರ್ತಿದ್ದಳು, ಉಳಿದದ್ದನ್ನ ಅವು ಕೆದಕಿಕೊಂಡು ತಿಂತಿದ್ದವು. ನೆರಳಲ್ಲಿ ಎರಡು ಕಡೆ ನೀರು. ಒಂದು ಚೆಲ್ಲಿದರೂ ಇನ್ನೊಂದಿರುತ್ತೆ. ಹೊಟ್ಟೆ ತುಂಬ ಕೊಡೋದು ಸಂಜೆ, ಅದೂ ಗೂಡಿನ ಒಳಗೆ. ಡಬ್ಬಿ ಅಲ್ಲಾಡಿಸ್ತಿದ್ದಳಲ್ಲ, ನೆನಪಿದೆಯಾ?"

ನೆನಪಿಲ್ಲದೆ ಏನು! ಹಾಲಿನಪುಡಿಯ ಹಳೇ ಡಬ್ಬಿ, ಒಳಗೆ ಕಾಳು. ಝಲ್ ಝಲ್ ಅನ್ನೋದು. ನನ್ನನ್ನ ನಗಿಸೋಕೆ ಅಲ್ಲಾಡಿಸ್ತಾಳೆ ಅಂದುಕೊಂಡಿದ್ದೆ. ಐದು ಗಂಟೆಗೆ ಗಿರಣಿಯ ಸೈರನ್ ಕೂಗಿದರೆ ಸಾಕು, ಕೋಳಿಗಳು ಬಂದು ಗೇಟಿನ ಹತ್ತಿರ ನಿಲ್ಲೋವು. ಪಕ್ಕದ ಮನೆಯಿಂದ ಓಡಿಬಂದು ಅವುಗಳ ನಡುವೆ ನಾನೂ. ಅಯ್ಯೋ, ನಾವೆಲ್ಲ ಸೇರಿ ಅವಳನ್ನೇ ಕಾಯ್ತಿದ್ದೆವು ಅಂತ ಇಷ್ಟು ವರ್ಷ ಹೊಳೆಯಲೇ ಇಲ್ಲವಲ್ಲ!

ಹನಿಯತ್ತೆ ಮೂರೂ ಕೋಳಿಯ ಕಣ್ಣಿಗೆ ಒಂದೊಂದು ಹನಿ ಬಿಟ್ಟರು. ಬಾಯಿಯಂತೂ ನಿಲ್ಲಲಿಲ್ಲ. "ಮೂರು ತಿಂಗಳಿಗೊಮ್ಮೆ ಹನಿ ತಪ್ಪಿಸಬೇಡ. ಕೊಕ್ಕರೆ ರೋಗ ಹೊಕ್ಕರೆ ಗೂಡಿಗೆ ಗೂಡೇ ಖಾಲಿ. ಯಾವುದಾದರೂ ಮಂಕಾಗಿ ಕೂತರೆ ಬೇರೆ ಕಡೆ ಇಟ್ಟು ನನ್ನ ಕರಿ. ಕಾಳಿನ ಡಬ್ಬಿಗೆ ಮುಚ್ಚಳ ಹಾಕು. ಗೂಡಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆಸು, ಗಾಳಿ ಆಡಲಿ, ಚಿಲಕ ಗಟ್ಟಿ ಇರಲಿ. ರಜೆ ದಿನ ಗುಡಿಸಿ ಒಣಗಿಸು. ಕೋಳಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳಿ, ಮಗೂಗೂ ಹೇಳು."

"ನಾನು ಬರೋದು ತಡವಾದರೆ?"

"ಪಕ್ಕದವಳಿಗೆ ಹೇಳು. ಬಾಗಿಲು ಹಾಕೋಕೆ ಎಷ್ಟು ಹೊತ್ತು ಬೇಕು? ವಾರಕ್ಕೆ ನಾಲ್ಕು ಮೊಟ್ಟೆ ಕೊಡು. ನಿಮ್ಮಮ್ಮ ಬರೋದು ತಡವಾದಾಗ ಬಾಗಿಲು ಹಾಕ್ತಿದ್ದವರು ನನ್ನ ಮಕ್ಕಳು, ಆ ಮೊಟ್ಟೆ ತಿಂದೇ ಬೆಳೆದರು."

ಅವತ್ತು ಲಾಂಡ್ರಿಗೆ ಹೊರಡೋ ಮುಂಚೆ ತಟ್ಟೆಯ ಕಾಳನ್ನೆಲ್ಲ ತೆಗೆದೆ. ಒಂದೇ ಹಿಡಿ ಎರಚಿದೆ. ಹಸಿದುಕೊಂಡಿರ್ತವೇನೋ ಅಂತ ಗೇಟಿನಿಂದ ಎರಡು ಸಲ ತಿರುಗಿ ನೋಡಿದೆ. ಸಂಜೆ ಡಬ್ಬಿ ಅಲ್ಲಾಡಿಸಿದರೆ ಚುಕ್ಕಿ ಒಂದೇ ಬಂತು. ಉಳಿದೆರಡು ಮರ ಹತ್ತಿದವು. ಮನೆಯವರು ಸ್ಟೂಲ್ ಹಾಕಿಕೊಂಡು ಗೊಣಗಿಕೊಂಡೇ ಇಳಿಸಿದರು. "ನಾಳೆ ಬುಟ್ಟಿ ತರೋದು ಖಂಡಿತ" ಅಂದರು.

ಭಾನುವಾರ ಸಂಜೆ ತಂದೇಬಿಟ್ಟರು. ಮಗಳು ಡಬ್ಬಿ ಕಿತ್ತುಕೊಂಡು ಗೂಡಿನ ಮುಂದೆ ನಿಂತಳು. ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದಳು, ಝಲ್ ಝಲ್. ಚುಕ್ಕಿ ಓಡಿ ಬಂತು. ಅದರ ಹಿಂದೆ ಕೆಂಪಿ. ಮೂರನೆಯದು ಮರದ ಬುಡದಲ್ಲಿ ನಿಂತು ಮೇಲೆ ನೋಡಿತು, ಡಬ್ಬಿ ನೋಡಿತು. ಅದೂ ಓಡಿ ಬಂದು ಗೂಡು ಸೇರಿತು. ಮಗಳು ಚಿಲಕ ಹಾಕಿದಳು.

ಮನೆಯವರು ಬುಟ್ಟಿ ಹಿಡಿದು ಪೆಚ್ಚಾಗಿ ನಿಂತಿದ್ದರು. "ಈಗ ಇದನ್ನೇನು ಮಾಡಲಿ?"

"ಹುಲ್ಲು ಹಾಸಿ ಗೂಡೊಳಗೆ ಇಡಿ ಅಪ್ಪ. ಚುಕ್ಕಿ ಮೊಟ್ಟೆ ಇಡಲಿ."

ಅವರು ನನ್ನ ಮುಖ ನೋಡಿದರು. ಆಮೇಲೆ ಹುಲ್ಲು ತರೋಕೆ ಹೋದರು.

ಇದಾಗಿ ಎರಡು ವರ್ಷ ಆಯ್ತು. ಈಗ ಕೋಳಿ ಹನ್ನೊಂದು. ಮೊನ್ನೆ ಸ್ಕೂಲಲ್ಲಿ ಟೀಚರ್ ನಗ್ತಾ ಹೇಳಿದರು, "ನಿಮ್ಮಮ್ಮ ಏನು ಮಾಡ್ತಾರೆ ಅಂತ ನಿಮ್ಮ ಮಗಳನ್ನ ಕೇಳಿದೆ. ನಮ್ಮಮ್ಮ ಯಾವಾಗಲೂ ಮನೇಲೇ ಇರ್ತಾರೆ, ಹಿತ್ತಲಲ್ಲಿ, ಅಂದಳು."

ನಾನು ದಿನವಿಡೀ ಮಡಿಸೋ ಬೆಡ್‌ಶೀಟು ಎಲ್ಲಿ ಹೋಯ್ತೇ ತಾಯಿ, ಅಂತ ಮಗಳನ್ನ ಕೇಳೋಕೆ ಬಾಯಿ ತೆರೆದೆ. ಕೇಳದೆ ಅವಳ ಕೈ ಹಿಡಿದು ಹೊರಟೆ. ಮನೆಗೆ ಬಂದು ಮೆಟ್ಟಿಲ ಮೇಲೆ ಕೂತು ಚೆನ್ನಾಗಿ ಅತ್ತೆ. ನಮ್ಮಮ್ಮನಿಗೆ ಇದನ್ನ ಹೇಳಬೇಕಿತ್ತು.

ಅಕ್ಕ ತಂಗಿಯರೇ, ಕೆಲಸ ಇದೆ ಅಂತ ಹಿತ್ತಲನ್ನ ಖಾಲಿ ಬಿಡಬೇಡಿ. ಬೆಳಗ್ಗೆ ಒಂದು ಹಿಡಿ, ನೆರಳಲ್ಲಿ ನೀರು, ಸಂಜೆ ಗೂಡಲ್ಲಿ ಊಟ, ಬಾಗಿಲಿಗೆ ಚಿಲಕ, ಹೊತ್ತಿಗೆ ಸರಿಯಾಗಿ ಲಸಿಕೆ. ಹನಿ ಹಾಕೋರು ನಿಮ್ಮ ಕಡೆ ಯಾರಿದ್ದಾರೆ ಅಂತ ಇವತ್ತೇ ವಿಚಾರಿಸಿ. ಇವತ್ತೇ ಒಂದು ಹಳೇ ಡಬ್ಬಿ ಹುಡುಕಿ, ಒಳಗೆ ನಾಲ್ಕು ಕಾಳು ಹಾಕಿ. ಅದನ್ನ ಅಲ್ಲಾಡಿಸೋಕೆ ನಿಮ್ಮ ಮಗುವಿನ ಕೈಗೆ ಕೊಡಿ.