ಕಾಯುವ ಪಟ್ಟಿಯ ಪ್ರಶ್ನೆ

ಟ್ಯಾಮ್ಸಿನ್‌ಗೆ ತಲೆ ಕೆಟ್ಟುಹೋಗಿತ್ತು. ಹೋದ ವರ್ಷ ಅರ್ಜಿ ಹಾಕಿದ ನಾಲ್ಕು ವೈದ್ಯಕೀಯ ಕಾಲೇಜುಗಳೂ ಕೈಕೊಟ್ಟಿದ್ದವು. ಈ ಸಲ ಕರೆದದ್ದು ಒಂದೇ ಒಂದು, ಸಂದರ್ಶನ ನಾಳೆ. ಇದೂ ತಪ್ಪಿದರೆ ಡಾಕ್ಟರಾಗುವ ಮಾತನ್ನೇ ಬಿಡುತ್ತೇನೆಂದು ಮನೆಯಲ್ಲಿ ಹೇಳಿಬಿಟ್ಟಿದ್ದಳು. ಹೃದಯ, ಶ್ವಾಸಕೋಶ ಏನು ಬೇಕಾದರೂ ಕೇಳಲಿ, ಹೆದರಿಕೆಯಿಲ್ಲ. ಆದರೆ ಆ ಹಾಳು ಸರ್ಕಾರಿ ಆರೋಗ್ಯ ಸೇವೆಯ ಪ್ರಶ್ನೆಗಳು! ಡಾಕ್ಟರುಗಳ ಮುಷ್ಕರ, ಖಾಸಗಿ ಆಸ್ಪತ್ರೆ, ಚಿಕಿತ್ಸೆಗೆ ಕಾಯುವ ಪಟ್ಟಿ. ಒಂದೊಂದು ಕೋಣೆಯಲ್ಲಿ ಒಂದೊಂದು ಪ್ರಶ್ನೆ, ಐದೇ ನಿಮಿಷ. ಗಂಟೆ ಹೊಡೆದರೆ ಎದ್ದು ಮುಂದಿನ ಕೋಣೆಗೆ ಓಡಬೇಕು. ಇದೆಂಥ ಗ್ರಹಚಾರ!

ಇಂಗ್ಲೆಂಡಿನ ಹಲ್ ಊರಿನ ಆ ಪುಟ್ಟ ಅಡುಗೆಮನೆಯಲ್ಲಿ ಅಜ್ಜಿ ಡೋರೀನ್ ಪ್ರಶ್ನೆಗಳ ಹಾಳೆ ಹಿಡಿದು ಪರೀಕ್ಷಕಿಯಾಗಿ ಕೂತಿದ್ದಳು. ಸೊಂಟದ ಕೀಲು ಸವೆದು, ಶಸ್ತ್ರಚಿಕಿತ್ಸೆಯ ಸರದಿಗಾಗಿ ಹದಿನಾರು ತಿಂಗಳಿಂದ ಕಾಯುತ್ತಿದ್ದ ಜೀವ ಅದು.

"ಕಾಯೋ ಪಟ್ಟಿ ಯಾಕಮ್ಮ ಇಷ್ಟುದ್ದ?" ಎಂದಳು ಗತ್ತಿನಿಂದ.

"ಇದಕ್ಕೆ ಎರಡು ಮುಖ ಇದೆ," ಟ್ಯಾಮ್ಸಿನ್ ಗಿಳಿಪಾಠ ಒಪ್ಪಿಸಿದಳು. "ಒಂದು ಕಡೆ ಸಿಬ್ಬಂದಿ ಸಾಲದು. ಇನ್ನೊಂದು ಕಡೆ ವಯಸ್ಸಾದವರ ಸಂಖ್ಯೆ ಜಾಸ್ತಿ ಆಗಿದೆ..."

"ಅಂದ್ರೆ ತಪ್ಪು ನಂದೇ ಅನ್ನು! ಬೇಗ ಸತ್ತಿದ್ರೆ ಪಟ್ಟಿ ಚಿಕ್ಕದಾಗ್ತಿತ್ತು."

"ಅಜ್ಜೀ, ತಮಾಷೆ ಬೇಡ! ಯಾರ ಪಕ್ಷಾನೂ ವಹಿಸಬಾರದು, ಮನೆ ಕಥೆ ಎತ್ತಲೇಬಾರದು ಅಂತ ತರಬೇತಿ ಮೇಡಂ ಹೇಳಿದಾರೆ. ಅತ್ತುಬಿಟ್ರೆ ಅಂಕ ಹೋಯ್ತು."

"ಹಂಗಾದ್ರೆ ಆ ಮೇಡಂನೇ ಕಳಿಸು. ನನ್ನ ಸೊಂಟದ ವಿಷ್ಯ ಹೇಳೇ, ನಂಗೇನೂ ನಾಚಿಕೆ ಇಲ್ಲ."

"ನಿಂಗಿದೆಲ್ಲ ಗೊತ್ತಾಗಲ್ಲ, ಸುಮ್ನಿರು!" ಟ್ಯಾಮ್ಸಿನ್ ಪುಸ್ತಕವನ್ನು ಮೇಜಿಗೆ ಕುಕ್ಕಿದಳು.

ಅಜ್ಜಿಯ ಮುಖ ಸಣ್ಣದಾಯಿತು. ಕನ್ನಡಕ ಸರಿಮಾಡಿಕೊಂಡು ಮುಂದಿನ ಪ್ರಶ್ನೆ ಓದಿದಳು.

ಮರುದಿನ ಮೂರನೆಯ ಕೋಣೆಯಲ್ಲಿ ಅದೇ ಪ್ರಶ್ನೆ ಬಂತು. ಎರಡೂ ಮುಖಗಳನ್ನು ಒಂದಕ್ಷರ ತಪ್ಪದೆ ಒಪ್ಪಿಸಿದಳು. ನರೆತ ಗಡ್ಡದ ವೈದ್ಯರು ಪೆನ್ನು ಕೆಳಗಿಟ್ಟರು.

"ಸರಿ. ಹಾಗೆ ಕಾಯ್ತಾ ಇರೋರು ನಿಮಗೆ ಯಾರಾದ್ರೂ ಗೊತ್ತಾ? ಅವರ ದಿನ ಹೇಗೆ ಕಳೆಯುತ್ತೆ?"

ಅಜ್ಜಿ ಮೆಟ್ಟಿಲನ್ನು ಕೂತುಕೂತೇ ಹತ್ತುವುದು, ಬಚ್ಚಲಲ್ಲಿ ಮೊಮ್ಮಗಳ ಭುಜ ಹಿಡಿದು ನರಳುವುದು, ಎಲ್ಲ ನಾಲಿಗೆಯ ತುದಿಗೆ ಬಂತು. ಜೊತೆಗೇ ಕಣ್ಣೂ ತುಂಬಿತು. ಅತ್ತರೆ ಕೆಟ್ಟೆ ಎಂದುಕೊಂಡಳು.

"ಇಲ್ಲ ಸರ್. ಯಾರೂ ಗೊತ್ತಿಲ್ಲ."

"ಓ," ಎಂದರು ವೈದ್ಯರು. ಅವರು ಮತ್ತೇನೂ ಕೇಳಲಿಲ್ಲ. ಗಂಟೆ ಹೊಡೆಯಲು ಇನ್ನೂ ಎರಡು ನಿಮಿಷವಿತ್ತು.

ಸಂಜೆ ಅಜ್ಜಿ ಬಾಗಿಲಲ್ಲೇ ಗೋಡೆ ಹಿಡಿದು ನಿಂತಿದ್ದಳು. "ನನ್ನಂಥೋರ ಬಗ್ಗೆ ಕೇಳಿದ್ರೇನೇ?"

"ಕೇಳಿದ್ರು ಅಜ್ಜಿ," ಟ್ಯಾಮ್ಸಿನ್ ಬಿಕ್ಕಿದಳು. "ನಂಗೆ ಯಾರೂ ಗೊತ್ತಿಲ್ಲ ಅಂದ್ಬಿಟ್ಟೆ."

ಅಜ್ಜಿ ಅವಳತ್ತ ಕೈ ಚಾಚಿದಳು. "ಬಾ, ಮೊದ್ಲು ನನ್ನ ಕೂರಿಸು," ಎಂದಳು. "ಆಗಿಂದ ನಿಂತೇ ಇದೀನಿ."